ಎಚ್‌ಸಿಜಿಪಿ (ಹೈಕೋರ್ಟಲ್ಲಿ ಸರ್ಕಾರದ ವಕೀಲ) ಆದ್ರೆ ಮುಂದೆ ಎಜಿ (ಅಡ್ವೊಕೇಟ್ ಜನರಲ್, ರಾಜ್ಯ ಸರ್ಕಾರದ ಮುಖ್ಯ ವಕೀಲ) ಆಗ್ಬಹುದಾ? ಸಂತೋಷ್ ಹೆಗ್ಡೆ ಥರದ ಕೆರಿಯರ್ ಹೇಗೆ ಆಗುತ್ತೆ, ಗೊತ್ತಿರೋರು ಹೇಳಿ

ಕರಿಕೋಟು_ಬಿಳಿಬ್ಯಾಂಡು:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ನಾನು ಸನ್ನದು ತಗೊಂಡು ಎಂಟು ವರ್ಷ ಆಯ್ತು, ಮೊದಲ ನಾಲ್ಕು ವರ್ಷ ಸಿಟಿ ಸಿವಿಲ್ ಕೋರ್ಟಲ್ಲಿ ಸೀನಿಯರ್ ಹಿಂದೆ ಫೈಲ್ ಹೊತ್ತೆ, ಈಗ ಹೈಕೋರ್ಟಲ್ಲಿ ಇದೀನಿ, ನಂದೇ ಅಂತ ಒಂದು ನಲವತ್ತು ಕೇಸ್ ಇದೆ, ಹೆಚ್ಚಿನವು ರಿಟ್ಟು, ಅಂದ್ರೆ ಸರ್ಕಾರದ ಆದೇಶ ಪ್ರಶ್ನೆ ಮಾಡೋ ಅರ್ಜಿ. ಹೋದ ವಾರ ಸೀನಿಯರ್ ಕರ್ದು, ಹೈಕೋರ್ಟ್ ಗವರ್ನಮೆಂಟ್ ಪ್ಲೀಡರ್ ಜಾಗಗಳು ಖಾಲಿ ಆಗ್ತಿವೆ ಬಯೋಡೇಟಾ ಕೊಡು ಅಂದ್ರು. ಮನೇಲಿ ಹೇಳಿದ್ದೇ ತಪ್ಪಾಯ್ತು. ಅಪ್ಪ ಕೇಳಿದ ಮೊದಲ ಪ್ರಶ್ನೆ ಪೆನ್ಷನ್ ಬರುತ್ತಾ ಅಂತ, ಅಮ್ಮ ಅಷ್ಟರಲ್ಲಿ ಚಿಕ್ಕಮ್ಮಂಗೆ ಫೋನ್ ಮಾಡಿ ಮಗ ಜಡ್ಜ್ ಆಗ್ತಾನಂತೆ ಅಂದಾಯ್ತು.

ನನ್ನ ಡೌಟ್ ಬೇರೆ. ಸಂತೋಷ್ ಹೆಗ್ಡೆ ಅವ್ರ ಬಗ್ಗೆ ಓದ್ತಿದ್ದೆ, ವಕೀಲರು, ಆಮೇಲೆ ಅಡ್ವೊಕೇಟ್ ಜನರಲ್, ಆಮೇಲೆ ಸಾಲಿಸಿಟರ್ ಜನರಲ್ (ಕೇಂದ್ರ ಸರ್ಕಾರದ ಎರಡನೇ ದೊಡ್ಡ ವಕೀಲ), ಸುಪ್ರೀಂ ಕೋರ್ಟ್ ಜಡ್ಜ್, ಲೋಕಾಯುಕ್ತ. ಓದ್ತಾ ಹೋದ್ರೆ ಮೆಟ್ಟಿಲು ಹತ್ತಿದ ಹಾಗೇ ಕಾಣುತ್ತೆ. ಹಂಗಾದ್ರೆ ಎಚ್‌ಸಿಜಿಪಿ ಅನ್ನೋದು ಆ ಮೆಟ್ಟಿಲಲ್ಲಿ ಕೆಳಗಿನದಾ? ಅಲ್ಲಿಂದ ಎಜಿಎ (ಅಡಿಷನಲ್ ಗವರ್ನಮೆಂಟ್ ಅಡ್ವೊಕೇಟ್), ಎಎಜಿ (ಅಡಿಷನಲ್ ಅಡ್ವೊಕೇಟ್ ಜನರಲ್), ಎಜಿ ಅಂತ ಪ್ರಮೋಷನ್ ಥರ ಹೋಗುತ್ತಾ? ಕಾನೂನು ಇಲಾಖೆ ಸೆಕ್ರೆಟರಿ ಆಗೋರು ಈ ದಾರೀಲೇ ಬರೋರಾ? ಮತ್ತೆ ಸರ್ಕಾರದ ಕಡೆ ನಾಕು ವರ್ಷ ನಿಂತ್ರೆ ಪ್ರೈವೇಟ್ ಕಕ್ಷಿದಾರರು ಆಮೇಲೆ ಹತ್ರ ಬರ್ತಾರಾ? ಸೀನಿಯರ್ ಹತ್ರ ಇದನ್ನೆಲ್ಲ ಕೇಳೋಕೆ ಧೈರ್ಯ ಇಲ್ಲ, ಅದಕ್ಕೇ ಇಲ್ಲಿ.

ಹಳೇ_ಬ್ರೀಫ್‌ಕೇಸ್:

ಮೆಟ್ಟಿಲು ಅನ್ನೋ ಕಲ್ಪನೆ ಮೊದ್ಲು ತಲೆಯಿಂದ ತೆಗೀರಿ. ಇಲ್ಲಿ ಪ್ರಮೋಷನ್ ಅನ್ನೋದೇ ಇಲ್ಲ, ಪ್ರತಿ ಹುದ್ದೆಗೂ ಹೊಸದಾಗಿ ಕರೀತಾರೆ, ಕರೆದೋರೇ ಕಳಿಸ್ತಾರೆ. ಎಜಿ ಹುದ್ದೆ ಸಂವಿಧಾನದ 165ನೇ ವಿಧಿ, ರಾಜ್ಯಪಾಲರು ನೇಮಕ ಮಾಡ್ತಾರೆ, ಹೈಕೋರ್ಟ್ ಜಡ್ಜ್ ಆಗೋ ಅರ್ಹತೆ ಇರಬೇಕು ಅಂದ್ರೆ ಹತ್ತು ವರ್ಷ ಹೈಕೋರ್ಟ್ ವಕೀಲಿಕೆ. ಅವಧಿ ಇಷ್ಟು ವರ್ಷ ಅಂತ ಇಲ್ಲ, ರಾಜ್ಯಪಾಲರಿಗೆ ಇಷ್ಟ ಇರೋವರೆಗೆ, ಅಂದ್ರೆ ಆಗಿನ ಸರ್ಕಾರಕ್ಕೆ ಇಷ್ಟ ಇರೋವರೆಗೆ. ದಿಲ್ಲಿಯಲ್ಲಿ ಕೇಂದ್ರ ಸರ್ಕಾರದ ಮುಖ್ಯ ವಕೀಲ ಅಟಾರ್ನಿ ಜನರಲ್‌ಗೆ 76ನೇ ವಿಧಿ, ಅಲ್ಲೂ ಇದೇ ಕತೆ. ಸಾಲಿಸಿಟರ್ ಜನರಲ್ ಹೆಸರು ಎಷ್ಟು ದೊಡ್ಡದಾಗಿ ಕೇಳಿಸಿದ್ರೂ ಸಂವಿಧಾನದಲ್ಲಿ ಆ ಹುದ್ದೆನೇ ಇಲ್ಲ, 1987ರ ರೂಲ್ಸ್ ಪ್ರಕಾರ ಮೂರು ವರ್ಷಕ್ಕೆ ನೇಮಕ ಆಗೋದು.

ಈಗ ಹೆಗ್ಡೆ ಅವ್ರನ್ನೇ ತಗೊಳ್ಳಿ, ವರ್ಷ ಹಾಕಿ ನೋಡಿದ್ರೆ ಗೊತ್ತಾಗುತ್ತೆ. 1966ರಲ್ಲಿ ಸನ್ನದು. ಕರ್ನಾಟಕದ ಎಜಿ ಆಗಿದ್ದು 1984ರಲ್ಲಿ, ಬಿಟ್ಟಿದ್ದು 1988ರ ಆಗಸ್ಟಲ್ಲಿ, ಅದೇ ತಿಂಗಳು ರಾಮಕೃಷ್ಣ ಹೆಗಡೆ ಸಿಎಂ ಕುರ್ಚಿ ಬಿಟ್ಟಿದ್ದು. ಅಡಿಷನಲ್ ಸಾಲಿಸಿಟರ್ ಜನರಲ್ ಆಗಿದ್ದು 1989ರ ಕೊನೇಲಿ, ಹೋಗಿದ್ದು 1990ರ ನವೆಂಬರಲ್ಲಿ, ಅಂದ್ರೆ ವಿ.ಪಿ. ಸಿಂಗ್ ಸರ್ಕಾರ ಬಂದಾಗ ಬಂದು ಹೋದಾಗ ಹೋದ್ರು. ಆಮೇಲೆ ಏಳು ವರ್ಷ ಯಾವ ಸರ್ಕಾರಿ ಹುದ್ದೆನೂ ಇಲ್ಲ, ತಮ್ಮ ಪ್ರಾಕ್ಟೀಸು. 1998ರಲ್ಲಿ ವಾಜಪೇಯಿ ಸರ್ಕಾರ ಬಂದ ಮೇಲೆ ಸಾಲಿಸಿಟರ್ ಜನರಲ್ (ಎಸ್‌ಜಿ), ವರ್ಷ ತುಂಬೋ ಮೊದ್ಲೇ 1999ರ ಜನವರಿಯಲ್ಲಿ ಸೀದಾ ಸುಪ್ರೀಂ ಕೋರ್ಟ್ ಪೀಠ. ಹೈಕೋರ್ಟ್ ಜಡ್ಜ್ ಆಗ್ದೇನೇ ಬಾರ್‌ನಿಂದ, ಅಂದ್ರೆ ವಕೀಲಿಕೆಯಿಂದ, ನೇರವಾಗಿ ಅಲ್ಲಿಗೆ ಹೋದವರಲ್ಲಿ ಅವ್ರು ನಾಲ್ಕನೆಯವರು. ನೀವು ಮೆಟ್ಟಿಲು ಅಂದಿದ್ದು ಮೆಟ್ಟಿಲಲ್ಲ, ಹೊಳೆ ದಾಟೋವಾಗ ಸಿಗೋ ಬಂಡೆ ಥರ, ನಡುವೆ ನೀರಿದೆ, ಆ ನೀರಲ್ಲಿ ಈಜೋಕೆ ಸ್ವಂತ ಪ್ರಾಕ್ಟೀಸ್ ಇರಬೇಕು.

ಲಾ ಸೆಕ್ರೆಟರಿ ಬೇರೆ ಲೈನು. ನಮ್ಮಲ್ಲಿ ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಧೀಶರನ್ನ ಡೆಪ್ಯುಟೇಷನ್ ಮೇಲೆ ತಂದು ಕೂರಿಸ್ತಾರೆ. ಅವ್ರು ಕೋರ್ಟಲ್ಲಿ ವಾದ ಮಾಡಲ್ಲ, ಮಸೂದೆ ನೋಡೋದು, ಅಪೀಲ್ ಹೋಗ್ಬೇಕಾ ಬೇಡ್ವಾ ಅಂತ ಫೈಲ್ ಮೇಲೆ ಬರೆಯೋದು, ಇಲಾಖೆಗಳಿಗೆ ಅಭಿಪ್ರಾಯ ಕೊಡೋದು. ಆ ಕಡೆ ಆಸೆ ಇದ್ರೆ ನೀವು ನ್ಯಾಯಾಂಗ ಪರೀಕ್ಷೆ ಬರೀಬೇಕು, ಎಚ್‌ಸಿಜಿಪಿ ಅಲ್ಲ.

ಗುಡುಗು_ಸಿಡ್ಲು:

ಗುರು ಇದೆಲ್ಲ ಯಾಕೆ ಇಷ್ಟು ಉದ್ದ. ಯಾವ ಪಾರ್ಟಿ ಅಧಿಕಾರಕ್ಕೆ ಬರುತ್ತೋ ಆ ಪಾರ್ಟಿ ಲೀಗಲ್ ಸೆಲ್ ಅಲ್ಲಿ ಓಡಾಡ್ಕೊಂಡಿದ್ದವ್ರಿಗೆ ಲಿಸ್ಟಲ್ಲಿ ಹೆಸ್ರು, ಮಿಕ್ಕಿದ್ದು ಬಯೋಡೇಟಾ ನಾಟಕ. ಸರ್ಕಾರಿ ವಕೀಲ ಅಂದ್ರೆ ಹೇಳಿದ್ದಕ್ಕೆ ತಲೆ ಆಡಿಸೋನು. ಎಮರ್ಜೆನ್ಸಿ ಟೈಮಲ್ಲಿ ನಿರೇನ್ ಡೇ ಏನ್ ಮಾಡಿದ್ರು ಅಂತ ನೋಡಿ. ದೇಶದ ಅಟಾರ್ನಿ ಜನರಲ್. ಪೊಲೀಸಿನವ ಸ್ವಂತ ದ್ವೇಷಕ್ಕೆ ಒಬ್ಬನ್ನ ಕೊಂದ್ರೂ ಕೋರ್ಟಿಗೆ ಬರೋಕಾಗಲ್ವಾ ಅಂತ ಜಸ್ಟಿಸ್ ಖನ್ನಾ ಕೇಳಿದ್ರೆ, ಎಮರ್ಜೆನ್ಸಿ ಇರೋವರೆಗೆ ಆಗಲ್ಲ ಅಂದ್ಬಿಟ್ರು. ಇದೇ ನಿಮ್ಮ ಸೀನಿಯರ್ ಗವರ್ನಮೆಂಟ್ ಲಾ ಆಫೀಸರ್.

ಗಂಗಾವತಿ_ಗೌಡ್ರು:

ನೋಡ್ರಿ ತಮ್ಮಾ, ನಾ ಧಾರವಾಡ ಬೆಂಚಿನ್ಯಾಗ ಎಚ್‌ಸಿಜಿಪಿ ಆಗಿದ್ದೆ, ಈಗ ಬಿಟ್ಟೇನಿ. ಎಜಿ ಎಸ್‌ಜಿ ಮಾತು ಆಮ್ಯಾಲ, ಮೊದ್ಲ ನಿಮ್ಮ ದಿನಾ ಹ್ಯಾಂಗ ಹೋಗ್ತದ ಅದನ್ನ ಕೇಳ್ರಿ. ಮುಂಜಾನೆ ಹತ್ತೂವರಿಗೆ ಕೋರ್ಟ್ ಹಾಲಿನ್ಯಾಗ ನಿಂತ್ರ ಕಾಸ್ ಲಿಸ್ಟ್ ಅಂದ್ರ ಆ ದಿನದ ಕೇಸಿನ ಪಟ್ಟಿ, ಅದರ ಮುಕ್ಕಾಲು ಕೇಸಿನ್ಯಾಗ ಸರ್ಕಾರನ ಪಾರ್ಟಿ. ಹೊಸಾ ಅರ್ಜಿ ಕರದ ಕೂಡ್ಲೆ ಜಡ್ಜ್ ಸಾಹೇಬ್ರು ನಿಮ್ಮ ಕಡೆ ಕೈ ಮಾಡಿ ಒಂದರಿಂದ ಮೂರನೇ ರೆಸ್ಪಾಂಡೆಂಟಿಗೆ ನೋಟಿಸ್ ತಗೋರಿ ಅಂತಾರ, ಆ ಅರ್ಜಿ ನಿಮ್ಮ ಕೈಗೆ ಬಂದು ಎರಡು ನಿಮಿಷ ಆಗಿರಂಗಿಲ್ಲ. ನಿಂತಲ್ಲೇ ಓದಬೇಕು, ನಿಂತಲ್ಲೇ ಉತ್ತರ ಕೊಡಬೇಕು. ನಾಕು ವರ್ಷದಾಗ ನನ್ನ ಬಾಯಿ ಬಿಚ್ಚಿತು ಅಂದ್ರ ಅದು ಅಲ್ಲೇ. ಪ್ರೈವೇಟ್ ಪ್ರಾಕ್ಟೀಸಿನ್ಯಾಗ ಹತ್ತು ವರ್ಷಕ್ಕ ನೋಡೋವಷ್ಟು ಕಾಯ್ದೆ ನೋಡಿದೆ, ಭೂಸ್ವಾಧೀನ, ಸರ್ವಿಸ್ ಮ್ಯಾಟರು, ಗ್ರಾಮ ಪಂಚಾಯ್ತಿ, ಅರಣ್ಯ, ಅಬಕಾರಿ, ಎಲ್ಲಾ.

ಇನ್ನ ಇಲಾಖೆಯವ್ರ ಕತಿ. ಪ್ಯಾರಾವೈಸ್ ರಿಮಾರ್ಕ್ಸ್ (ಅರ್ಜಿಯ ಪ್ರತಿ ಪ್ಯಾರಾಕ್ಕೂ ಇಲಾಖೆ ಉತ್ತರ) ಕಳಸ್ರಿ ಅಂತ ಮೂರು ಪತ್ರಾ ಬರದ ಮ್ಯಾಲ ಒಂದಿನ ಒಬ್ಬ ಕೇಸ್ ವರ್ಕರ್ ರಾತ್ರಿ ಬಸ್ಸಿಗೆ ಬಂದು ಫೈಲ್ ತಂದ. ಕೆಂಪು ಅರಿವ್ಯಾಗ ಕಟ್ಟಿದ್ದ. ಬಿಚ್ಚಿ ನೋಡಿದ್ರ ಪ್ರತಿ ಪ್ಯಾರಾಕ್ಕೂ ಒಂದ ಉತ್ತರ, "ಸದರಿ ಕಂಡಿಕೆಯಲ್ಲಿ ತಿಳಿಸಿರುವ ಅಂಶವು ಸತ್ಯಕ್ಕೆ ದೂರವಾಗಿರುತ್ತದೆ". ಒಂದನೇ ಪ್ಯಾರಾದಾಗ ಏನೈತಿ ಅಂದ್ರ ಅರ್ಜಿದಾರನ ಹೆಸರು ವಿಳಾಸ! ಅದೂ ಸತ್ಯಕ್ಕ ದೂರ. ಅದ ಫೈಲಿನ್ಯಾಗ ಕೆಳಗ ಒಂದು ಮಹಜರ ಇತ್ತು, ಐದು ಮಂದಿ ಪಂಚರ ಸಹಿ, ಐದೂ ಒಂದ ಕೈಯಾಗ ಬರದದ್ದು, ಶಾಯಿನೂ ಒಂದ. ಅರ್ಜಿದಾರ ಏನ್ ಹೇಳಿದ್ದ ಅಂದ್ರ ನನ್ನ ಹೊಲಕ್ಕ ಯಾರೂ ಬಂದೇ ಇಲ್ಲ ಅಂತ. ಈಗ ನೀವ ಏನ್ ಮಾಡ್ತೀರಿ ಹೇಳ್ರಿ. ನಾ ಅಧಿಕಾರಿಗೆ ಫೋನ್ ಹಚ್ಚಿ ಇದರ ಮ್ಯಾಲ ನಾ ವಾದ ಮಾಡಂಗಿಲ್ಲ, ಹೊಸದಾಗಿ ತನಿಖಿ ಮಾಡ್ತೀವಿ ಅಂತ ಬರದ ಕೊಡ್ರಿ ಅಂದೆ. ಆ ಮನಷ್ಯಾ ನೀವು ಯಾರ ವಕೀಲ್ರು ಅಂತ ಕೇಳಿದ. ಮರುದಿನ ಕೋರ್ಟಿನ್ಯಾಗ ಮಹಜರ ಓದಿ ಹೇಳಿದೆ, ಇದನ್ನ ನಾ ಸಮರ್ಥಿಸೂದು ಆಗೂದಿಲ್ಲ ಅಂತ. ಆರ್ಡರ್ ರದ್ದಾತು. ನನಗೆ ಒಂದು ನಾಕು ತಿಂಗಳು ದೊಡ್ಡ ಫೈಲ್ ಬರ್ಲಿಲ್ಲ, ಅಷ್ಟ. ಆದ್ರ ಆ ಸಾಹೇಬ್ರ ಕೋರ್ಟಿನ್ಯಾಗ ಅವತ್ತಿನಿಂದ ನಾ "ರೆಕಾರ್ಡಿನ್ಯಾಗ ಐತಿ" ಅಂದ್ರ ಅವ್ರು ರೆಕಾರ್ಡ್ ಕೇಳ್ತಿದ್ದಿಲ್ಲ. ಬಿಟ್ಟ ಮ್ಯಾಲ ನನಗ ಬಂದ ಪ್ರೈವೇಟ್ ಬ್ರೀಫ್ ಹೆಚ್ಚಿನವು ಅದರಿಂದನ ಬಂದದ್ದು, ನನ್ನ ಎದುರು ನಿಂತಿದ್ದ ವಕೀಲ್ರ ಕಳಿಸಿದ್ದು.

ಹಳೇ_ಬ್ರೀಫ್‌ಕೇಸ್:

ಗೌಡ್ರೇ, ಒಂದನೇ ಪ್ಯಾರಾ ಸತ್ಯಕ್ಕೆ ದೂರ 😂 ಇದು ಧಾರವಾಡದ್ದು ಮಾತ್ರ ಅಲ್ಲ ಬಿಡಿ, ನಾನೂ ನೋಡಿದೀನಿ.

ಗುಡುಗು ಅವ್ರೇ, ನಿರೇನ್ ಡೇ ವಿಷಯ ಸರಿ. ಎಡಿಎಂ ಜಬಲ್‌ಪುರ್ ಕೇಸು, ಎಮರ್ಜೆನ್ಸಿಯಲ್ಲಿ ಬಂಧನ ಪ್ರಶ್ನಿಸಿ ಕೋರ್ಟಿಗೆ ಹೋಗ್ಬಹುದಾ ಅನ್ನೋದು, ತೀರ್ಪು 1976ರ ಏಪ್ರಿಲ್ 28, ನಾಲ್ಕು ಜನ ಸರ್ಕಾರದ ಪರ, ಖನ್ನಾ ಒಬ್ರೇ ವಿರುದ್ಧ. ಆದ್ರೆ ಅರ್ಧ ಕತೆ ಹೇಳಿದ್ರಿ. ಅದೇ ಸರ್ಕಾರದಲ್ಲಿ ಡೇ ಅವ್ರ ಕೆಳಗೆ ಫಾಲಿ ನಾರಿಮನ್ ಅಡಿಷನಲ್ ಸಾಲಿಸಿಟರ್ ಜನರಲ್ ಆಗಿದ್ರು, 1972ರಿಂದ. 1975ರ ಜೂನಲ್ಲಿ ಎಮರ್ಜೆನ್ಸಿ ಘೋಷಣೆ ಆದ ಕೂಡಲೇ ರಾಜೀನಾಮೆ ಕೊಟ್ಟು ಎದ್ದು ಬಂದ್ರು. ಒಂದೇ ಆಫೀಸು, ಒಂದೇ ವಾರ, ಒಬ್ರು ಉಳ್ಕೊಂಡ್ರು ಒಬ್ರು ಹೋದ್ರು. ಹುದ್ದೆ ಮನುಷ್ಯನ್ನ ತಲೆ ಆಡಿಸೋ ಹಂಗೆ ಮಾಡುತ್ತೆ ಅಂತಾದ್ರೆ ಇಬ್ರೂ ಆಡಿಸಬೇಕಿತ್ತಲ್ಲ. ಡೇ ಅವ್ರ ಬಗ್ಗೆ ಇನ್ನೊಂದು ಮಾತೂ ಇದೆ, ಆ ಉತ್ತರ ಕೊಡೋವಾಗ ಅವ್ರು ಇದು ನನ್ನ ಆತ್ಮಸಾಕ್ಷಿಗೇ ಆಘಾತ ಅನ್ನೋ ಅರ್ಥದಲ್ಲೂ ಹೇಳಿದ್ರು. ತಮ್ಮ ವಾದ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಜಡ್ಜ್‌ಗಳಿಗೆ ಬೇಕಂತಲೇ ತೋರಿಸಿದ್ರು ಅಂತ ಕೆಲವ್ರು ಓದ್ತಾರೆ. ನಂಗೆ ಅಷ್ಟು ಒಳ್ಳೆ ಅರ್ಥ ಕಟ್ಟೋಕೆ ಮನಸ್ಸು ಬರಲ್ಲ, ಅದು ಬೇರೆ ವಿಷಯ.

ಇನ್ನೂ ಹಿಂದೆ ಹೋಗಿ. ಎಂ.ಸಿ. ಸೆಟಲ್ವಾಡ್, ಮೊದಲ ಅಟಾರ್ನಿ ಜನರಲ್, 1950ರಿಂದ 1963, ಹದಿಮೂರು ವರ್ಷ, ಅಷ್ಟು ದೀರ್ಘ ಆಮೇಲೆ ಯಾರೂ ಕೂತಿಲ್ಲ. 1957-58ರಲ್ಲಿ ಮುಂಧ್ರಾ ಹಗರಣ, ಎಲ್‌ಐಸಿ ದುಡ್ಡು ಒಂದೂಕಾಲು ಕೋಟಿ ಹತ್ರ ಒಬ್ಬ ಉದ್ಯಮಿಯ ಕಂಪನಿಗಳ ಷೇರಿಗೆ ಹಾಕಿದ್ರು, ಪಾರ್ಲಿಮೆಂಟಲ್ಲಿ ಎತ್ತಿದ್ದು ಫಿರೋಜ್ ಗಾಂಧಿ, ಅಂದ್ರೆ ಪ್ರಧಾನಿ ಅಳಿಯನೇ. ಚಾಗ್ಲಾ ಆಯೋಗ ಕೂತಾಗ ಆಯೋಗಕ್ಕೆ ಸಹಾಯಕ್ಕೆ ನಿಂತಿದ್ದು ಇದೇ ಸೆಟಲ್ವಾಡ್. ಸರ್ಕಾರದ ಅತಿ ದೊಡ್ಡ ವಕೀಲ ಸರ್ಕಾರದ ಹಣಕಾಸು ಮಂತ್ರಿ ಕಡೆಗೇ ಬೊಟ್ಟು ತೋರಿಸಿ ವಾದ ಮಾಡಿದ್ರು. ಆ ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ರು. ಸೆಟಲ್ವಾಡ್‌ರನ್ನ ಯಾರೂ ಮನೆಗೆ ಕಳಿಸ್ಲಿಲ್ಲ, ಇನ್ನೂ ಐದು ವರ್ಷ ಅಲ್ಲೇ ಇದ್ರು. ಕಾಲ ಬೇರೆ ಇತ್ತು ಅಂತೀರೇನೋ, ಇರ್ಬಹುದು.

ಗುಡುಗು_ಸಿಡ್ಲು:

ಕಾಲ ಬೇರೆ ಇತ್ತು ಅಂತಾನೇ ಅಂತೀನಿ. ಈಗಿನ ಉದಾಹರಣೆ ಕೊಡಿ ನೋಡೋಣ, ಅದೂ ಕರ್ನಾಟಕದ್ದು.

ತುಳುನಾಡ_ವಕೀಲ್ತಿ:

ನಾನು ಕೊಡ್ತೇನೆ. ಬಿ.ವಿ. ಆಚಾರ್ಯ, ಐದು ಸಲ ಕರ್ನಾಟಕದ ಎಜಿ. ಐದು ಸಲ ಅಂದರೇ ಅರ್ಥ ಆಯ್ತಲ್ಲ, ಬೇರೆ ಬೇರೆ ಸರ್ಕಾರದವರು ಕರೆದಿದ್ದಾರೆ. ಜಯಲಲಿತಾ ಅವರ ಆದಾಯಕ್ಕೆ ಮೀರಿದ ಆಸ್ತಿ ಕೇಸನ್ನ ಸುಪ್ರೀಂ ಕೋರ್ಟ್ 2003ರಲ್ಲಿ ಬೆಂಗಳೂರಿಗೆ ವರ್ಗಾಯಿಸಿತು, ಅದಕ್ಕೆ ಸ್ಪೆಷಲ್ ಪಬ್ಲಿಕ್ ಪ್ರಾಸಿಕ್ಯೂಟರ್, ಅಂದರೆ ಆ ಕೇಸಿಗೆಂದೇ ನೇಮಿಸಿದ ಸರ್ಕಾರಿ ಅಭಿಯೋಜಕ, ಇವರು. 2012ರಲ್ಲಿ ಎಜಿ ಹುದ್ದೆಯೂ ಇವರ ಹತ್ತಿರ, ಈ ಕೇಸೂ ಇವರ ಹತ್ತಿರ, ಒಂದನ್ನು ಬಿಡಿ ಅನ್ನುವ ಒತ್ತಡ ಬಂದಾಗ ಯಾರಾದರೂ ಯಾವುದನ್ನು ಬಿಡ್ತಾರೆ? ಸರ್ಕಾರಿ ಕಾರು, ಕ್ಯಾಬಿನೆಟ್ ದರ್ಜೆ ಇರುವುದನ್ನು ಇಟ್ಟುಕೊಳ್ತಾರೆ. ಇವರು ಎಜಿ ಬಿಟ್ಟರು, ಕೇಸ್ ಇಟ್ಟುಕೊಂಡರು. ಕೆಲವು ತಿಂಗಳ ಮೇಲೆ ಸಾಕಾಗಿ ಅದನ್ನೂ ಬಿಟ್ಟರು, ಅದು ಬೇರೆ. 2014ರಲ್ಲಿ ಶಿಕ್ಷೆ ಆಯ್ತು, 2015ರಲ್ಲಿ ಅಪೀಲು ಹೈಕೋರ್ಟಲ್ಲಿ ಮುಗಿಯುವ ಹಂತದಲ್ಲಿ ಅಲ್ಲಿ ವಾದಿಸಿದ ಪ್ರಾಸಿಕ್ಯೂಟರ್ ನೇಮಕವೇ ಸರಿ ಇಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು, ಆಗ ಮತ್ತೆ ಇವರನ್ನೇ ಕರೆದರು, ಎಂಬತ್ತು ದಾಟಿದ ಮನುಷ್ಯ ಒಂದೇ ದಿನದಲ್ಲಿ ಲಿಖಿತ ವಾದ ತಯಾರು ಮಾಡಿ ಕೊಟ್ಟರು. ಹೈಕೋರ್ಟ್ ಖುಲಾಸೆ ಮಾಡಿತು, ಕರ್ನಾಟಕ ಅಪೀಲು ಹೋಯಿತು, 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ವಿಚಾರಣಾ ಕೋರ್ಟಿನ ತೀರ್ಪನ್ನೇ ಎತ್ತಿ ಹಿಡಿಯಿತು.

ಮತ್ತೆ ಮೂಲ ಪ್ರಶ್ನೆ ಕೇಳಿದವರಿಗೆ, ನಿಮಗೆ ನಿಜವಾಗಿ ಮೆಟ್ಟಿಲೇ ಬೇಕಿದ್ದರೆ ಎಪಿಪಿ ಪರೀಕ್ಷೆ ಇದೆ. ಅಭಿಯೋಜನೆ ಇಲಾಖೆಯದ್ದು, ಸಹಾಯಕ ಸರ್ಕಾರಿ ಅಭಿಯೋಜಕರು ಅಂತ. ಅದು ಪಕ್ಕಾ ಸರ್ಕಾರಿ ನೌಕರಿ, ವರ್ಗಾವಣೆ, ಬಡ್ತಿ ಎಲ್ಲ ಇದೆ. ನಾನು ಅದೇ ದಾರಿಯವಳು. ಮ್ಯಾಜಿಸ್ಟ್ರೇಟ್ ಕೋರ್ಟಲ್ಲಿ ದಿನಕ್ಕೆ ಐದಾರು ಸಾಕ್ಷಿ, ಅದರಲ್ಲಿ ಅರ್ಧ ಜನ ತಿರುಗಿ ಬೀಳ್ತಾರೆ, ಸಂಜೆ ಹೊತ್ತಿಗೆ ಗಂಟಲು ಹೋಗಿರ್ತದೆ. ಆದರೆ ಸರ್ಕಾರ ಬದಲಾಯ್ತು ಅಂತ ನನ್ನ ಕುರ್ಚಿ ಅಲ್ಲಾಡುವುದಿಲ್ಲ. ಸಂತೋಷ್ ಹೆಗ್ಡೆಯವರ ತಂದೆ ಕೆ.ಎಸ್. ಹೆಗ್ಡೆಯವರೂ ನಮ್ಮ ದಕ್ಷಿಣ ಕನ್ನಡದಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿದ್ದವರು, ಇದು ನಾವು ಆಗಾಗ ಹೇಳಿಕೊಳ್ಳುವ ಹೆಮ್ಮೆ. ಆಮೇಲೆ ರಾಜ್ಯಸಭೆ, ಮೈಸೂರು ಹೈಕೋರ್ಟ್, ಸುಪ್ರೀಂ ಕೋರ್ಟ್. ಸಂವಿಧಾನವನ್ನು ಸಂಸತ್ತು ಎಷ್ಟರ ಮಟ್ಟಿಗೆ ತಿದ್ದಬಹುದು ಅನ್ನುವ ಕೇಶವಾನಂದ ಭಾರತಿ ಕೇಸಲ್ಲಿ ಸರ್ಕಾರಕ್ಕೆ ಇಷ್ಟ ಇಲ್ಲದ ಕಡೆ ನಿಂತರು, 1973ರಲ್ಲಿ ಇವರೂ ಸೇರಿ ಮೂವರು ಹಿರಿಯರನ್ನು ದಾಟಿಸಿ ಎ.ಎನ್. ರೇ ಅವರನ್ನ ಮುಖ್ಯ ನ್ಯಾಯಮೂರ್ತಿ ಮಾಡಿದರು, ಹೆಗ್ಡೆಯವರು ರಾಜೀನಾಮೆ ಬರೆದು ಬಂದರು. ಮೇಲೆ ಹೇಳಿದ ಎಡಿಎಂ ಜಬಲ್‌ಪುರ್ ಪೀಠಕ್ಕೆ ಮುಖ್ಯಸ್ಥರು ಯಾರು ಗೊತ್ತುಂಟಾ, ಅದೇ ರೇ.

ಗುಡುಗು_ಸಿಡ್ಲು:

ಸರಿ ಮೇಡಂ, ಆಚಾರ್ಯ ಒಪ್ಕೊಂಡೆ. ಒಂದು ಸೇರಿಸ್ತೀನಿ, ಸಂತೋಷ್ ಹೆಗ್ಡೆ ಲೋಕಾಯುಕ್ತ ಆಗಿದ್ದಾಗ 2010ರ ಜೂನಲ್ಲಿ ರಾಜೀನಾಮೆ ಕೊಟ್ಟು ಹತ್ತು ದಿನದಲ್ಲಿ ವಾಪಸ್ ತಗೊಂಡ್ರಲ್ಲ, ಅದೂ ಅಡ್ವಾಣಿ ಹೇಳಿದ್ರು ಅಂತ. ಅದಕ್ಕೇನಂತೀರಿ?

ಹಳೇ_ಬ್ರೀಫ್‌ಕೇಸ್:

ವಾಪಸ್ ತಗೊಂಡಿದ್ದು ನಂಗೂ ಆಗ ಸರಿ ಕಂಡಿರ್ಲಿಲ್ಲ, ಬಾರ್ ಅಸೋಸಿಯೇಷನ್ ಕ್ಯಾಂಟೀನಲ್ಲಿ ಜಗಳನೇ ಆಡಿದೀನಿ. ಆದ್ರೆ ಯಾಕೆ ಕೊಟ್ಟಿದ್ರು ಅನ್ನೋದನ್ನೂ ಹೇಳಿ. ಬೇಲೆಕೇರಿ ಬಂದರಲ್ಲಿ ಜಪ್ತಿ ಮಾಡಿಟ್ಟ ಅದಿರು ಮಾಯ ಆಗಿತ್ತು, ಅದನ್ನ ಹಿಡಿದ ಅರಣ್ಯ ಅಧಿಕಾರೀನೇ ಅಮಾನತು ಮಾಡೋಕೆ ಹೊರಟಿದ್ರು. ವಾಪಸ್ ಬಂದ ಮೇಲೆ ಏನಾಯ್ತು ನೋಡಿ, ಅವಧಿ ಮುಗಿಯೋಕೆ ವಾರ ಇರೋವಾಗ 2011ರ ಜುಲೈ 27ಕ್ಕೆ ಗಣಿ ವರದಿ ಕೊಟ್ರು, ಬೊಕ್ಕಸಕ್ಕೆ 16 ಸಾವಿರ ಕೋಟಿ ರೂಪಾಯಿಗೂ ಮೇಲೆ ನಷ್ಟ ಅಂತ, 31ಕ್ಕೆ ಯಡಿಯೂರಪ್ಪ ಸಿಎಂ ಕುರ್ಚಿ ಬಿಟ್ರು. ಅವ್ರು ಜೂನಲ್ಲೇ ಹೋಗಿದ್ರೆ ಆ ವರದಿ ಯಾರು ಬರೀತಿದ್ರು? ಹಂಗಂತ ಎಲ್ರೂ ರಾಜೀನಾಮೆ ವಾಪಸ್ ತಗೊಳ್ಲಿ ಅಂತ ಅಲ್ಲ, ನಂಗೂ ಇದರಲ್ಲಿ ಇನ್ನೂ ಪೂರ್ತಿ ಸಮಾಧಾನ ಇಲ್ಲ.

ಮತ್ತೆ ಹುಡುಗನ ಪ್ರಶ್ನೆಗೆ ಇನ್ನೊಂದು. ಸರ್ಕಾರಿ ವಕೀಲಿಕೆಯಿಂದ ಶುರುವಾಗಿ ಸರಸರ ಮೇಲೆ ಹೋದವ್ರೂ ಇದಾರೆ. ಇ.ಎಸ್. ವೆಂಕಟರಾಮಯ್ಯ, ಪಾಂಡವಪುರ ಕಡೆಯವ್ರು, ಸರ್ಕಾರಿ ಪ್ಲೀಡರ್ ಆಗಿದ್ರು, 1970ರ ಮಾರ್ಚಲ್ಲಿ ಎಜಿ, ಜೂನಲ್ಲಿ ಹೈಕೋರ್ಟ್ ಜಡ್ಜ್. ಎಜಿ ಆಗಿದ್ದು ಮೂರೇ ತಿಂಗಳು. 1989ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿ. ಜಸ್ಟಿಸ್ ನಾಗರತ್ನ ಇವ್ರ ಮಗಳೇ. ಹಾಗಾಗಿ ನಿಮ್ಮಮ್ಮ ಚಿಕ್ಕಮ್ಮಂಗೆ ಹೇಳಿದ್ದು ಪೂರ್ತಿ ಸುಳ್ಳು ಅಂತನೂ ಹೇಳೋಕಾಗಲ್ಲ.

ಕರಿಕೋಟು_ಬಿಳಿಬ್ಯಾಂಡು:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರೀತೀರ ಅಂದ್ಕೊಂಡಿರ್ಲಿಲ್ಲ. ಗೌಡ್ರೇ, ನನ್ನ ಹತ್ರ ಈಗಿರೋ ನಲವತ್ತರಲ್ಲಿ ಮೂವತ್ತು ಸರ್ಕಾರದ ವಿರುದ್ಧನೇ ಇರೋದು. ಅದೆಲ್ಲ ಏನು ಮಾಡೋದು?

ಗಂಗಾವತಿ_ಗೌಡ್ರು:

ಬಿಡಬೇಕ್ರಿ. ಸರ್ಕಾರದ ವಿರುದ್ಧ ವಕಾಲತ್ತು ಇಟ್ಕೊಳ್ಳಾಕ ಬರಂಗಿಲ್ಲ. ಕಕ್ಷಿದಾರರನ್ನ ಒಬ್ಬೊಬ್ಬರನ್ನ ಕರದು ಕುಂದರಿಸಿ ಹೇಳ್ರಿ, ನೋ ಅಬ್ಜೆಕ್ಷನ್ ಕೊಟ್ಟು ನೀವ ನಂಬೋ ಗೆಳೆಯನ ಕೈಯಾಗ ಫೈಲ್ ಹಾಕ್ರಿ, ತಗೊಂಡ ಫೀಜಿನ್ಯಾಗ ಕೆಲಸ ಆಗ್ಲಾರದ್ದು ಎಷ್ಟೈತಿ ಅಷ್ಟು ವಾಪಸ್ ಕೊಡ್ರಿ. ಮತ್ತ ಆ ಮೂವತ್ತು ಕೇಸಿನ ಒಂದೂ ಮಾತು ಸರ್ಕಾರದ ಕಡೆ ಹೋದ ಮ್ಯಾಲ ಬಾಯಿಬಿಡಬ್ಯಾಡ್ರಿ, ಆ ಕೇಸ್ ನಿಮ್ಮ ಹಾಲಿಗೆ ಬಂದ್ರ ಎದ್ದು ಹೊರಗ ನಡೀರಿ. ಸಿವಿಲ್ ಮ್ಯಾಟರ್ ಹತ್ತು ಇಟ್ಕೋರಿ, ಅವನ್ನ ಬಿಡಬ್ಯಾಡ್ರಿ. ಅವರು ಕಳಿಸಿದ ದಿನ ಚೇಂಬರಿಗೆ ವಾಪಸ್ ಬಂದ್ರ ಟೇಬಲ್ ಮ್ಯಾಲ ಏನರ ಇರಬೇಕಲ್ಲಾ.

ಬಿಲ್ಲಿನ ವಿಷಯ ಕೇಳ್ಲಿಲ್ಲ ನೀವು. ನನಗ ಕಡೀ ಬಿಲ್ ಬರ್ಲಿಕ್ಕೆ ಬಿಟ್ಟ ಮ್ಯಾಲ ಹದಿನಾಲ್ಕು ತಿಂಗಳಾತು.

ಕರಿಕೋಟು_ಬಿಳಿಬ್ಯಾಂಡು:

ಇದನ್ನ ಅಪ್ಪಂಗೆ ತೋರಿಸ್ಲಾ ಬೇಡ್ವಾ ಗೊತ್ತಾಗ್ತಿಲ್ಲ. ನಾಳೆ ನಂದು ಎರಡೇ ಮ್ಯಾಟರ್ ಇದೆ, ಬೆಳಗ್ಗೆ ಮುಗಿಸ್ಕೊಂಡು ಒಂದಿನ ಪೂರ್ತಿ ರಿಟ್ ಕೋರ್ಟಲ್ಲಿ ಹಿಂದಿನ ಸಾಲಲ್ಲಿ ಕೂತು ಬರೀ ಎಜಿಎಗಳನ್ನ ನೋಡ್ತೀನಿ, ಆಮೇಲೆ ಸೀನಿಯರ್‌ಗೆ ಏನು ಹೇಳ್ಬೇಕು ಅಂತ ಯೋಚ್ನೆ ಮಾಡ್ತೀನಿ.

ಗಂಗಾವತಿ_ಗೌಡ್ರು:

ಮುಂದಿನ ಸಾಲಿನ್ಯಾಗ ಕುಂದರ್ರಿ. ಹಿಂದ ಕುಂತ್ರ ಫೈಲ್ ಹುಡುಕೋ ಕೈ ನಡುಗೂದು ಕಾಣಂಗಿಲ್ಲ.